ಅಡುಗೆಯ ದೋಲ್ಗೋರಳ ವಯಸ್ಸು

ನಮ್ಮ ವ್ಯಾನು ಹತ್ತಿದವರನ್ನು ದೋಲ್ಗೋರ್ ಮೊದಲು ಕೇಳುತ್ತಿದ್ದುದು ಹೆಸರಲ್ಲ, ಊರಲ್ಲ, ವಯಸ್ಸು. ಅದೂ ಹೇಗೆ, ಕುಡಿಯಲು ನೀರು ಬೇಕೇ ಎಂದು ಕೇಳಿದಷ್ಟು ಸಲೀಸಾಗಿ. ಪರದೇಶದ ಹೆಂಗಸರು ಕೆಲವರು ಮುಖ ಸಿಂಡರಿಸುತ್ತಿದ್ದರು, ಕೆಲವರು ನಕ್ಕು ಜಾರಿಕೊಳ್ಳಲು ನೋಡುತ್ತಿದ್ದರು. ಇವಳು ಬಿಡುವ ಪೈಕಿಯೇ ಅಲ್ಲ. ಮೊದಲ ಸಂಜೆ ಡೇರೆ ಹಾಕುವಷ್ಟರಲ್ಲಿ ಎಲ್ಲರ ಬಾಯಿ ಬಿಡಿಸಿ, ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ಕೂರಿಸಿ, "ಇವರು ನಿಂಗೆ ಅಣ್ಣ, ಇವಳು ಅಕ್ಕ. ನೀನೇ ಎಲ್ಲರಿಗಿಂತ ಚಿಕ್ಕೋನು, ಏಳು, ನೀರು ತಾ" ಎಂದು ಒಂದು ಸಂಸಾರವನ್ನೇ ಕಟ್ಟಿಬಿಡುತ್ತಿದ್ದಳು. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಕಂಡು ಬಿಗುಮಾನದಿಂದ ತಲೆಯಾಡಿಸಿದ್ದವರು ರಾತ್ರಿ ಊಟದ ಹೊತ್ತಿಗೆ ಒಂದೇ ತಟ್ಟೆಯಿಂದ ಕಡುಬು ಕಸಿದುಕೊಂಡು ತಿನ್ನುತ್ತಿದ್ದರು.

ನಾನು ಗಾಲ್ಸನ್, ಆ ವ್ಯಾನಿನ ಡ್ರೈವರು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ದೂರುತ್ತಾಳೆ. ಇರಲಿ, ಆ ದಾರಿಗಳಲ್ಲಿ ಆ ವ್ಯಾನನ್ನು ಅವಳೊಮ್ಮೆ ಓಡಿಸಿ ನೋಡಲಿ. ಉಲಾನ್‌ಬಾತರಿನ ಒಂದು ಸಣ್ಣ ಕಂಪನಿಗೆ ನಾವು ದುಡಿಯುತ್ತಿದ್ದೆವು. ಒಮ್ಮೆಗೆ ಆರೋ ಏಳೋ ಜನರನ್ನು ಕರೆದುಕೊಂಡು ಹುಲ್ಲುಗಾವಲು, ಘಟ್ಟ, ಸರೋವರ ಎಂದು ಎರಡು ವಾರ ಸುತ್ತಿಸುವುದು. ಒಂದಿಷ್ಟು ದೂರ ವ್ಯಾನು, ಒಂದಿಷ್ಟು ದೂರ ಕುದುರೆ. ಹದಿನೈದು ಬೇಸಿಗೆ ದೋಲ್ಗೋರ್ ನನ್ನ ಹಿಂದೆ ಸಾರಿನ ಪಾತ್ರೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅವಳಿಗೆ ಅಣ್ಣ. ಆರು ವರ್ಷ ದೊಡ್ಡವನು. ಹಾಗಾಗಿ "ಏ ದೋಲ್ಗೋರ್, ಚಾ ಎಲ್ಲೇ?" ಎಂದು ಗದರುವ ಹಕ್ಕು ನನ್ನದು, "ಬಂತು ಗಾಲ್ಸನಣ್ಣ, ಕುದಿಯೋಕೂ ಬಿಡಲ್ವಲ್ಲ" ಎಂದು ಗೊಣಗುವ ಹಕ್ಕು ಅವಳದು.

ಒಮ್ಮೆ ಮಳೆಗಾಳಿಗೆ ಒಲೆ ಹತ್ತದೆ ಅವಳು ಹೊಗೆಯಲ್ಲಿ ಕೆಮ್ಮುತ್ತ ಕೂತಿದ್ದಾಗ ನನಗೆ ರೇಗಿತು. "ಅಲ್ಲಾ, ದೊಡ್ಡ ಬಸ್ಸಿನ ಕಂಪನಿಗೆ ಹೋಗಬಾರ್ದಾ? ಹೋಟೆಲಿನ ಅಡುಗೆಮನೆ, ನಲ್ಲಿ ನೀರು, ತಲೆ ಮೇಲೆ ಸೂರು. ನಿಂಗ್ಯಾಕೆ ಈ ಹುಚ್ಚು?"

"ನಲವತ್ತು ಜನ ಬಂದ್ರೆ ಅದು ಸಂತೆ, ಅಣ್ಣ," ಎಂದಳು. "ಇಬ್ರೇ ಬಂದ್ರೆ ಅವರಿಬ್ಬರ ಜಗಳ ನಾವು ಕೇಳ್ಬೇಕು. ಆರೇಳು ಜನ ಅಂದ್ರೆ ಒಂದು ಪಾತ್ರೆ ಅಡುಗೆ. ಯಾರು ಸರಿಯಾಗಿ ಉಣ್ಲಿಲ್ಲ, ಯಾರು ಕದ್ದು ಅತ್ರು, ಎಲ್ಲಾ ಗೊತ್ತಾಗುತ್ತೆ. ಅದು ಮನೆ ಕಣಣ್ಣ."

ಮನೆ ಎಂದಾಗ ನಾನು ಬಗ್ಗಿ ಒಲೆ ಊದತೊಡಗಿದೆ. ಅವಳ ಮನೆ ನನಗೆ ಗೊತ್ತಿತ್ತು. ಊರಂಚಿನ ಗುಡ್ಡದ ಮೇಲೆ ಒಂದು ಗೆರ್, ಎಂದರೆ ಕಂಬಳಿ ಹೊದಿಸಿದ ದುಂಡು ಗುಡಾರ, ಅದರೊಳಗೆ ಒಂದು ಒಲೆ, ಒಂದು ಮಂಚ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಮೊದಲು ಶಾಲೆಯೊಂದರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಚಳಿಗಾಲದಲ್ಲಿ ನಾನು ಕಲ್ಲಿದ್ದಲು ಇಳಿಸಿಕೊಡಲು ಹೋದರೆ ಸುದ್ದಿಯೆಲ್ಲ ಬೇಸಿಗೆಯದೇ. "ಆ ಗಡ್ಡದ ಹುಡುಗ ಮದ್ವೆಯಾದ್ನೋ ಏನೋ. ಆ ಐವತ್ತೆರಡರ ಅಕ್ಕನ ಮೊಣಕಾಲು ವಾಸಿಯಾಯ್ತೋ ಏನೋ." ಹೆಸರು ಮರೆಯುತ್ತಿದ್ದಳು, ವಯಸ್ಸನ್ನು ಮರೆಯುತ್ತಿರಲಿಲ್ಲ.

ಈಗ ನಾನು ಹೇಳಹೊರಟಿರುವ ಬೇಸಿಗೆ ಹಂದಿಯ ವರ್ಷದ್ದು. ಆ ಸಲ ಬಂದವರು ಆರು ಜನ. ಅವರಲ್ಲಿ ಹಿರಿಯನೆಂದರೆ ಡೆನ್ಮಾರ್ಕಿನ ಪ್ರೆಬೆನ್ ಎಂಬ ಬೋಳುತಲೆಯ ಮುದುಕ, ಎಪ್ಪತ್ತು ವರ್ಷ. ಅವನ ನಂತರ ಕೊರಿಯಾದ ಓಕ್‌ಬುನ್ ಎಂಬ ಹಿಡಿಯಷ್ಟು ಹೆಂಗಸು, ಪಾಸ್‌ಪೋರ್ಟಿನ ಪ್ರಕಾರ ಅರವತ್ತೊಂಬತ್ತು. ಕಂಪನಿಯ ಕಟ್ಟುನಿಟ್ಟು ಏನೆಂದರೆ, ಎಪ್ಪತ್ತು ದಾಟಿದವರನ್ನು ಕುದುರೆ ಹತ್ತಿಸುವಂತಿಲ್ಲ. ಇಬ್ಬರೂ ಅಂಚಿನಲ್ಲೇ ಪಾರಾಗಿದ್ದರು. ಜೊತೆಗೆ ಕಂಪನಿ ಕಳಿಸಿದ ಗೈಡು ನೊಮಿನ್, ಚುರುಕು ಹುಡುಗಿ, ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ದಾಟಿಸುವವಳು.

ಮೊದಲ ಸಂಜೆ ದೋಲ್ಗೋರ್ ಎಂದಿನಂತೆ ವಯಸ್ಸು ಕೇಳಿದಳು. ಓಕ್‌ಬುನ್ ಪಾಸ್‌ಪೋರ್ಟಿನ ಲೆಕ್ಕವನ್ನೇ ಹೇಳಿದಳು. ನೊಮಿನ್ ಆ ಕಡೆ ಡೇರೆಯ ಗೂಟ ಹೊಡೆಯುತ್ತಿದ್ದಾಗ, ದೋಲ್ಗೋರ್ ಹಂದಿಯಂತೆ ಗುರುಗುಟ್ಟಿ, ಕುದುರೆಯಂತೆ ಕೆನೆದು, ಕೈಸನ್ನೆಯಲ್ಲೇ ಕೇಳಿದಳು: ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದ್ದು? ನಮ್ಮಂತೆ ಅವರಲ್ಲೂ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ಮುಗಿದರೆ ಮತ್ತೆ ಮೊದಲಿನಿಂದ. ಓಕ್‌ಬುನ್ ಮಗುವಿನಂತೆ ನಕ್ಕು ತಾನೂ ಮೂಗೆತ್ತಿ ಗುರುಗುಟ್ಟಿದಳು.

ದೋಲ್ಗೋರ್ ನನ್ನತ್ತ ತಿರುಗಿದಳು. "ಅಣ್ಣ, ಈ ವರ್ಷವೇ ಹಂದಿ ವರ್ಷ. ಹುಟ್ಟಿದ ವರ್ಷಾನೂ ಸೇರಿಸಿ ಎಣಿಸೋ ನಮ್ಮ ಲೆಕ್ಕದಲ್ಲಿ ಹಂದಿ ವರ್ಷದಲ್ಲಿ ಹುಟ್ಟಿದೋಳಿಗೆ ಒಂದೋ ಅರವತ್ತೊಂದಾಗ್ಬೇಕು, ಇಲ್ಲಾ ಎಪ್ಪತ್ಮೂರಾಗ್ಬೇಕು. ಅರವತ್ತೊಂಬತ್ತು ಎಲ್ಲಿಂದ ಬಂತು?"

"ಎಲ್ಲಿಂದಾದ್ರೂ ಬರ್ಲಿ, ನೀನು ಬಾಯಿಗೆ ಬೀಗ ಹಾಕ್ಕೋ," ಎಂದೆ.

ಬಾಯಿಗೇನೋ ಬೀಗ ಹಾಕಿಕೊಂಡಳು. ಕೈಗೆ ಹಾಕಿಕೊಳ್ಳಬೇಕಲ್ಲ! ಊಟಕ್ಕೆ ಕೂತಾಗ ಮೊದಲ ಬಟ್ಟಲು ಹಿರಿಯರಿಗೆ, ಎಂದರೆ ಪ್ರೆಬೆನ್‌ಗೆ ಸಲ್ಲಬೇಕು. ಇವಳು ಎರಡೂ ಕೈಯಲ್ಲಿ ಹಿಡಿದು ಓಕ್‌ಬುನ್‌ಗೆ ಕೊಟ್ಟಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನನಗೆ ಮೈಯೆಲ್ಲ ಉರಿಯಿತು. ಪಾತ್ರೆ ತೊಳೆಯುವ ನೆಪದಲ್ಲಿ ಹೊಳೆಯ ಹತ್ತಿರ ಕರೆದು ಬೈದೆ. "ಒಂದು ಬಟ್ಟಲು ಸಾರು ಹಿಂದೆಮುಂದೆ ಆದ್ರೆ ಆಕಾಶ ಕಳಚಿ ಬೀಳುತ್ತೇನೆ? ಆ ನೊಮಿನ್ ದಡ್ಡಿಯಲ್ಲ."

"ಹಿರಿಯರು ಎದುರಿಗೆ ಕೂತಿರೋವಾಗ ಕಿರಿಯರಿಗೆ ಕೊಡೋದಾ? ಕೈಯೇ ಏಳಲ್ಲ ಅಣ್ಣ," ಎಂದಳು. ಅವಳ ಮುಖ ನೋಡಿದರೆ ನಿಜಕ್ಕೂ ಕೈ ಏಳುವುದಿಲ್ಲವೆಂದು ತಿಳಿಯುತ್ತಿತ್ತು.

ನಾನು ಹೆದರಿದಂತೆಯೇ ಆಯಿತು. ಘಟ್ಟದ ಬುಡ ತಲುಪಿದ್ದೆವು. ಮರುದಿನ ಅವರೆಲ್ಲ ಕುದುರೆಯ ಮೇಲೆ ಘಟ್ಟ ದಾಟಿ ಆಚೆಯ ಸರೋವರಕ್ಕೆ ಇಳಿಯುವುದು, ನಾನೂ ದೋಲ್ಗೋರೂ ಸಾಮಾನು ಹೇರಿಕೊಂಡು ಸುತ್ತುದಾರಿಯಲ್ಲಿ ಹೋಗಿ ಅಲ್ಲಿ ಕಾಯುವುದು ಎಂದು ಏರ್ಪಾಡು. ಊಟದ ಹೊತ್ತಿಗೆ ಮತ್ತೆ ಮೊದಲ ಬಟ್ಟಲು ಓಕ್‌ಬುನ್‌ಗೆ ಹೋದಾಗ ನೊಮಿನ್ ಚಮಚ ಕೆಳಗಿಟ್ಟಳು.

"ದೋಲ್ಗೋರಕ್ಕ, ನೀವು ಹಿರಿಯರನ್ನ ಬಿಟ್ಟು ಬಡಿಸೋರಲ್ಲ. ಏನಿದು?"

ದೋಲ್ಗೋರ್ ಒಲೆಯ ಕಡೆ ತಿರುಗಿಕೊಂಡಳು. ನೊಮಿನ್ ನೇರ ಓಕ್‌ಬುನ್‌ಳನ್ನೇ ಕೇಳಿದಳು. ಆ ಪುಣ್ಯಾತ್ಗಿತ್ತಿ ಮುಚ್ಚಿಡಲಿಲ್ಲ. ಹುಟ್ಟಿದಾಗ ತೀರಾ ಬಡಕಲಾಗಿದ್ದಳಂತೆ. ಬದುಕುವ ಕೂಸೋ ಅಲ್ಲವೋ ನೋಡಿ ಬರೆಸೋಣ ಎಂದು ಅಪ್ಪ ತಡಮಾಡಿದ್ದ, ಅಷ್ಟರಲ್ಲಿ ಯುದ್ಧ ಬಂತು, ಕಾಗದದಲ್ಲಿ ಹೆಸರು ಬೀಳುವಾಗ ನಾಲ್ಕು ವರ್ಷ ಕಳೆದಿತ್ತು. ಕಾಗದಕ್ಕೆ ಅರವತ್ತೊಂಬತ್ತು, ಮೈಗೆ ಎಪ್ಪತ್ಮೂರು.

ನೊಮಿನ್ ಮುಖ ಬಿಳಚಿಕೊಂಡಿತು. "ಹಾಗಾದ್ರೆ ನಾಳೆ ನೀವು ವ್ಯಾನಿನಲ್ಲಿ ಬರ್ಬೇಕು. ನಾನು ನಿಮ್ಮನ್ನ ಕುದುರೆ ಹತ್ತಿಸೋಕಾಗಲ್ಲ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

ಓಕ್‌ಬುನ್ ಬಟ್ಟಲನ್ನು ಕೆಳಗಿಟ್ಟು ನಿಧಾನವಾಗಿ ಮಾತಾಡಿದಳು. ನೊಮಿನ್ ಅದನ್ನು ಒಂದೊಂದೇ ಮಾತಾಗಿ ನಮಗೆ ದಾಟಿಸಿದಳು.

"ನಾನು ನನಗಾಗಿ ಎಲ್ಲೂ ಹೋದೋಳಲ್ಲ. ಹೋಗಿದ್ದೆಲ್ಲ ಬೇರೆಯವರಿಗಾಗಿ, ಯಾರದೋ ಹೆರಿಗೆ, ಯಾರದೋ ಆಸ್ಪತ್ರೆ, ಯಾರದೋ ಸಾವು. ಒಂದ್ಸಲ ಗಂಡನ ಜೊತೆ ದೊಡ್ಡ ಬಸ್ಸಿನ ಪ್ರವಾಸ ಹೋಗಿದ್ದೆ. ಬಾವುಟ ಹಿಡಿದೋನ ಹಿಂದೆ ನಲವತ್ತು ಜನ. ನಾನು ಎಲ್ಲಾದ್ರೂ ಸತ್ತುಬಿದ್ದಿದ್ರೂ ತಲೆ ಎಣಿಸೋವಾಗ್ಲೇ ಗೊತ್ತಾಗ್ತಿತ್ತು. ಇಲ್ಲಿ ಈ ಅಡುಗೆಯಮ್ಮ ನನ್ನ ಮಾತೇ ತಿಳೀದೇ ನನ್ನ ವಯಸ್ಸು ಕಂಡುಹಿಡಿದ್ಲು. ಆ ಘಟ್ಟ ನಾನು ದಾಟ್ಲೇಬೇಕು."

"ದಾಟಿಸ್ತೀನಿ," ಎಂದಳು ದೋಲ್ಗೋರ್, ಸೊಂಟ ಬಿಗಿದು ನಿಂತು. "ಇವಳ ಕುದುರೆ ಹಗ್ಗ ನಾನು ಹಿಡೀತೀನಿ. ಪಕ್ಕದಲ್ಲೇ ನನ್ನ ಕುದುರೆ."

"ನಿಮಗೇನಕ್ಕ, ಐವತ್ಮೂರು ವರ್ಷ, ಗಟ್ಟಿಯಾಗಿದ್ದೀರಿ. ಈ ವಯಸ್ಸಿನೋರ ಕಷ್ಟ ನಿಮಗೆ ಗೊತ್ತಿಲ್ಲ."

ದೋಲ್ಗೋರ್ ಸೌಟನ್ನು ಪಾತ್ರೆಗೆ ಹಾಕಿದಳು. ನನ್ನತ್ತ ಒಮ್ಮೆ ನೋಡಿದಳು. ಆ ನೋಟ ಯಾಕೆಂದು ನನಗಾಗ ತಿಳಿಯಲಿಲ್ಲ.

"ಐವತ್ಮೂರಲ್ಲ ಮಗಾ. ಅರವತ್ತೈದು."

ನೊಮಿನ್ ನಕ್ಕುಬಿಟ್ಟಳು. "ಸುಮ್ನಿರಿ ಅಕ್ಕ! ನೀವು ಕುರಿ ವರ್ಷದೋರು ಅಂತ ಎಲ್ರಿಗೂ ಗೊತ್ತು."

"ಕುರಿಯೇ. ಆದ್ರೆ ಆ ಕುರಿಯಲ್ಲ, ಅದರ ಹಿಂದಿನ ಕುರಿ. ಸುಳ್ಳು ಹೇಳೋದಾದ್ರೆ ಹನ್ನೆರಡು ವರ್ಷಕ್ಕೆ ಸರಿಯಾಗಿ ಹೇಳ್ಬೇಕು, ಪ್ರಾಣಿ ಬದಲಾಗಲ್ಲ, ಯಾರಿಗೂ ಅನುಮಾನ ಬರಲ್ಲ. ಹಾಸ್ಟೆಲಿನೋರು ವಯಸ್ಸಾಯ್ತು ಅಂತ ಮನೆಗೆ ಕಳ್ಸಿದ್ರು. ಒಂದು ಚಳಿಗಾಲ ಪೂರ್ತಿ ಗೋಡೆ ಜೊತೆ ಮಾತಾಡ್ದೆ. ಬೇಸಿಗೆಗೆ ನಿಮ್ಮ ಆಫೀಸಿಗೆ ಬಂದು ಮೂವತ್ತೆಂಟು ಅಂದೆ. ನನ್ನ ಕೆಲಸ ನೋಡಿದ್ದೀಯಲ್ಲ? ಆ ಪಾತ್ರೆ ಒಂದು ದಿನಾನಾದ್ರೂ ಕೈ ಜಾರಿದೆಯಾ?"

ಅಡುಗೆಯವರಿಗೆ ಕಂಪನಿಯಲ್ಲಿ ಅರವತ್ತೇ ಕೊನೆ. ಅದು ನೊಮಿನ್‌ಗೂ ಗೊತ್ತು, ನನಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ದೋಲ್ಗೋರಳಿಗೆ ಗೊತ್ತು. ಇನ್ನೂ ಏಳು ಬೇಸಿಗೆ ಅವಳ ಹೆಸರಿಗಿದ್ದವು. ತುಟಿ ಬಿಗಿಹಿಡಿದಿದ್ದರೆ ಅವೆಲ್ಲ ಅವಳವೇ. ಯಾರೋ ಎಲ್ಲಿಯವಳೋ, ಹತ್ತು ದಿನದ ಹಿಂದೆ ಮುಖವೂ ಗೊತ್ತಿಲ್ಲದವಳು ಒಂದು ಘಟ್ಟ ದಾಟಲಿ ಎಂದು ಅಷ್ಟನ್ನೂ ಒಂದೇ ಮಾತಿಗೆ ಕೊಟ್ಟುಬಿಟ್ಟಳಲ್ಲ! ನನಗೆ ಅವಳ ಮೇಲೆ ಎಲ್ಲಿಲ್ಲದ ಕೋಪ ಬಂತು.

ನೊಮಿನ್ ಕೆಳಗಿಟ್ಟ ಚಮಚವನ್ನು ಮತ್ತೆ ಎತ್ತಿಕೊಂಡು ಹೇಳಿದಳು: "ಪಾಸ್‌ಪೋರ್ಟಿನಲ್ಲಿ ಅರವತ್ತೊಂಬತ್ತೇ ಇದೆ. ಹೋಗ್ಲಿ ಬಿಡಿ. ನೀವು ಹಗ್ಗ ಬಿಡೋ ಹಾಗಿಲ್ಲ ಅಕ್ಕ."

ಬೆಳಿಗ್ಗೆ ಅವರು ಹೊರಟಾಗ ದಾರಿ ಸುಗಮವಾಗಲೆಂದು ಹಿಂದಿನಿಂದ ಹಾಲು ಚಿಮುಕಿಸಬೇಕಾದವಳೇ ಕುದುರೆ ಹತ್ತಿದ್ದಳು, ಹಾಗಾಗಿ ನಾನೇ ಚಿಮುಕಿಸಿದೆ. ಅರ್ಧ ನನ್ನ ಬೂಟಿನ ಮೇಲೆ ಬಿತ್ತು. ಸರೋವರದ ದಡಕ್ಕೆ ಹೋಗಿ ಅಡುಗೆಗೆ ಕೂತೆ. ಅನ್ನ ಮೇಲೆ ಅಕ್ಕಿ, ಕೆಳಗೆ ಇದ್ದಿಲು. ಕಣ್ಣು ಮಾತ್ರ ಘಟ್ಟದ ಮೇಲೆಯೇ. ದಾರಿಯಲ್ಲಿರುವವರು ಯಾವಾಗ ಬಂದಾರು ಎಂದು ಬಾಯಿಬಿಟ್ಟು ಕೇಳಬಾರದು ನಮ್ಮಲ್ಲಿ, ಅಪಶಕುನ. ಮನಸ್ಸಿನಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಬಿಸಿಲು ಇಳಿಯುವಾಗ ಕಾಡಿನಂಚಿನಲ್ಲಿ ಕುದುರೆಗಳು ಕಂಡವು. ಕೊನೆಯಲ್ಲಿ ಎರಡು ಕುದುರೆ ಅಕ್ಕಪಕ್ಕ, ಎರಡರ ನಡುವೆ ಹಗ್ಗ. ಓಕ್‌ಬುನ್ ಇಳಿದಾಗ ಕಾಲು ನಿಲ್ಲಲಿಲ್ಲ. ಹಿಡಿಯಲು ಹೋದ ದೋಲ್ಗೋರಳ ಕಾಲೂ ನಿಲ್ಲಲಿಲ್ಲ. ಇಬ್ಬರೂ ಹುಲ್ಲಿನ ಮೇಲೆ ಉರುಳಿ, ಒಬ್ಬರ ಮೇಲೊಬ್ಬರು ಬಿದ್ದು, ನಗುತ್ತ ನಗುತ್ತ ಅಳತೊಡಗಿದರು. ಪ್ರೆಬೆನ್ ಮುದುಕ ಟೋಪಿ ತೆಗೆದು ನಿಂತ. ನನ್ನ ಅನ್ನವನ್ನು ಎಲ್ಲರೂ ಬೈದುಕೊಂಡೇ ತಿಂದರು.

ನೊಮಿನ್ ಕೆಟ್ಟವಳಲ್ಲ. ತಾನಾಗಿ ಆಫೀಸಿನಲ್ಲಿ ಬಾಯಿಬಿಡಲಿಲ್ಲ. ಆದರೆ ಆರು ಜನ ಆರು ದೇಶಕ್ಕೆ ಹೋಗಿ ಸುಮ್ಮನಿರುತ್ತಾರೆಯೇ? ಅರವತ್ತೈದರ ಅಡುಗೆಯಮ್ಮ ಎಪ್ಪತ್ಮೂರರ ಗೆಳತಿಯನ್ನು ಘಟ್ಟ ದಾಟಿಸಿದ ಕತೆಯನ್ನು ಹೊಗಳಿ ಹೊಗಳಿ ಕಂಪನಿಗೇ ಬರೆದರು. ಪಾಪ, ಅವರಿಗೇನು ಗೊತ್ತು. ಶರತ್ಕಾಲದಲ್ಲಿ ಆಫೀಸಿನವರು ದೋಲ್ಗೋರಳನ್ನು ಕರೆಸಿ, ಗೌರವಕ್ಕೆಂದು ನೀಲಿ ರೇಷ್ಮೆ ಹೊದಿಸಿ, ಒಂದು ಡಬ್ಬಿ ಸಿಹಿ ಕೊಟ್ಟು ಮನೆಗೆ ಕಳಿಸಿದರು. ನಾನು ಆಫೀಸಿಗೆ ಹೋಗಿ ಕೂಗಾಡಿದೆ. ಚಾ ಕೊಟ್ಟು ನನ್ನನ್ನೂ ಕಳಿಸಿದರು.

ಹೊಸವರ್ಷದ ಹಬ್ಬ ಬಂತು. ಹಬ್ಬದ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ, ತಮ್ಮ ಎರಡೂ ಕೈಗಳನ್ನು ಅವರ ಮೊಣಕೈಯ ಕೆಳಗೆ ಆಸರೆಯಾಗಿ ಚಾಚಿ ಕುಶಲ ಕೇಳಬೇಕು. ಇಷ್ಟು ವರ್ಷವೂ ಬೆಳಗಾಗುವ ಮೊದಲೇ ಅವಳೇ ನನ್ನ ಮನೆಗೆ ಬರುತ್ತಿದ್ದಳು. ನಿಜದಲ್ಲಿ ನನಗಿಂತ ಆರು ವರ್ಷ ದೊಡ್ಡವಳು ಬಾಗಿ ನನ್ನ ಕೈಗೆ ಕೈ ಕೊಡುತ್ತಿದ್ದಳು, ನಾನು ದೊಡ್ಡ ಮನುಷ್ಯನಂತೆ ಕೈ ಊರುತ್ತಿದ್ದೆ. ಈ ಸಲ ನಾನೇ ಹೆಂಡತಿಯನ್ನು ಕರೆದುಕೊಂಡು, ಹಿಮ ತುಳಿಯುತ್ತ ಆ ಗುಡ್ಡ ಹತ್ತಿದೆ.

ಬಾಗಿಲು ತೆರೆದವಳು ರೂಢಿಯಂತೆ ತನ್ನ ಕೈಗಳನ್ನು ನನ್ನ ಕೈಗಳ ಕೆಳಗೆ ತಂದಳು. ನಾನು ನನ್ನವನ್ನು ಅವಳವುಗಳ ಕೆಳಗೆ ತಂದೆ. ಅವಳು ಇನ್ನೂ ಕೆಳಗೆ, ನಾನು ಅದಕ್ಕೂ ಕೆಳಗೆ.

"ಏನಣ್ಣ ಇದು, ಬಿಡಿ!"

"ನೀವು ಬಿಡಿ ಅಕ್ಕ!"

ಹೀಗೆ ಬಾಗಿ ಬಾಗಿ ಇಬ್ಬರೂ ನೆಲಕ್ಕೆ ಮಂಡಿಯೂರುವಂತಾದೆವು. "ನಿಮ್ಮಿಬ್ಬರಿಗೂ ಬುದ್ಧಿ ಬರೋದು ಯಾವಾಗ್ಲೋ! ಏಳಿ ಮೇಲೆ," ಎಂದು ನನ್ನ ಹೆಂಡತಿ ಗದರಿದಳು. ದೋಲ್ಗೋರ್ ನಕ್ಕಳು. ಆಮೇಲೆ ನಗು ನಿಂತಿತು. ಅವಳ ತೋಳುಗಳು ಸೋತಂತೆ ನನ್ನ ತೋಳುಗಳ ಮೇಲೆ ಬಂದು ಕೂತವು.

"ಚೆನ್ನಾಗಿದ್ದೀರಾ, ಅಕ್ಕ?" ಎಂದೆ.

"ಚೆನ್ನಾಗಿದ್ದೀನಿ," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಬೇಸಿಗೆ ಬಂದ್ರೆ ನಾನೇನು ಮಾಡ್ಲಿ, ತಮ್ಮಾ?"

ನಾನು ಅವಳ ಕೈ ಹಿಡಿದುಕೊಂಡೇ ನಿಂತೆ.