ಹಿಂದಿನ ಸೀಟಿನ ಗುಂಯ್ ಸದ್ದು

ಆಗೆಲ್ಲ ನಮ್ಮ ಹಳೆಯ ಕಾರು ಹೊರಡುವ ಮೊದಲು ಯಾರಾದರೂ ಅದಕ್ಕೆ ಕಿವಿಗೊಡಬೇಕಿತ್ತು. ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಅಪ್ಪ ಕೀ ತಿರುಗಿಸಿದಾಗ ನಾನು ಹಿಂದಿನ ಸೀಟಿಗೆ ಕಿವಿ ಒತ್ತಿ ಮಲಗುತ್ತಿದ್ದೆ. ಸೀಟಿನ ಕೆಳಗೆ, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕು. ಹಾಗೆಂದರೆ ಪಂಪಿಗೆ ಕರೆಂಟು ಕೊಡುವ ಪುಟ್ಟ ಸ್ವಿಚ್ಚು, ಅದರ ರಿಲೇ, ಸರಿಯಿದೆ ಎಂದರ್ಥ. ನನ್ನ ತಲೆಯ ಕೊಬ್ಬರಿ ಎಣ್ಣೆಯಿಂದ ಸೀಟಿನ ರೆಕ್ಸಿನ್ನಿನ ಮೇಲೆ ದುಂಡನೆಯ ಕಲೆಯೇ ಬಿದ್ದಿತ್ತು.

ನನಗೆ ಹತ್ತು ವರ್ಷವಾಗಿದ್ದ ಚಳಿಗಾಲದ ಒಂದು ಭಾನುವಾರ. ಅಜ್ಜಿ ಮೊದಲ ಸಲ ದೆಹಲಿಗೆ ಬರುವವರಿದ್ದರು, ಒಬ್ಬರೇ. ಹಿಂದಿ ಬಾರದು. 'ಪ್ಲಾಟ್‌ಫಾರ್ಮಿನಲ್ಲೇ ನಿಂತಿರು, ಕಾರು ತರ್ತೀನಿ' ಎಂದು ಅಪ್ಪ ಫೋನಿನಲ್ಲಿ ಮೂರು ಸಲ ಹೇಳಿದ್ದರು.

ನಾನು ಸೀಟಿನ ಮೇಲೆ ಬಾಗುವಾಗ ಪಕ್ಕದ ಮನೆಯ ನೇಹಾ ಕಿಟಕಿಯಲ್ಲಿ ಇಣುಕಿದಳು.

"ಕ್ಯಾ ಕರ್ ರಹೀ ಹೈ? ಗಾಡಿಗೆ ಬುಖಾರ್, ಜ್ವರ ಇದೆಯಾ, ಡಾಕ್ಟರ್ ಸಾಹಿಬಾ?" ಅವಳು ಹಾಗೆಯೇ, ಹಿಂದಿಯ ನಡುವೆ ನನ್ನಿಂದ ಕಲಿತ ಕನ್ನಡ ಬೆರೆಸಿ ಕೆಣಕುತ್ತಿದ್ದಳು.

ನಾನು ನೆಟ್ಟಗೆ ಕುಳಿತುಬಿಟ್ಟೆ. ಅಪ್ಪ ಕೀ ತಿರುಗಿಸಿದರು.

"ಕೇಳಿಸ್ತಾ, ಪುಟ್ಟಿ?"

"ಹೂಂ ಅಪ್ಪ, ಕೇಳಿಸ್ತು."

ನಾನು ಕಿವಿಯನ್ನೇ ಇಟ್ಟಿರಲಿಲ್ಲ.

ಎಂಜಿನ್ ಹತ್ತಲಿಲ್ಲ. ಸ್ಟಿಯರಿಂಗಿನ ಮುಂದೆ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. "ದೀಪ ಹತ್ತಿದೆ, ಅಂದ್ರೆ ಎಂಜಿನ್ ಕಂಪ್ಯೂಟರಿನ ರಿಲೇ ಸರಿಯಿದೆ. ಪಂಪು ನೀನೇ ಕೇಳಿದ್ದೀಯ. ಹಾಗಾದ್ರೆ ಸ್ಪಾರ್ಕ್ ಪ್ಲಗ್ಗೇ ಇರಬೇಕು," ಎಂದರು ಅಪ್ಪ. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು, ಮತ್ತೆ ಕೂಡಿಸಿದರು. ಅಮ್ಮ ಎರಡು ಸಲ ಬಂದು, "ಆಟೋದಲ್ಲಿ ಹೋಗ್ರೀ," ಎಂದರು. "ಇನ್ನೈದು ನಿಮಿಷ ಕಣೇ." ಆಗಲಾದರೂ ಹೇಳಬಹುದಿತ್ತು. ನೇಹಾ ಅಲ್ಲೇ ಇದ್ದಳು. ನಾನು ಹೇಳಲಿಲ್ಲ.

ಅಪ್ಪ ಆಟೋ ಹಿಡಿದು ನಿಲ್ದಾಣ ಮುಟ್ಟುವಾಗ ರೈಲು ಬಂದು ಎರಡು ಗಂಟೆಯಾಗಿತ್ತು. ಅಜ್ಜಿ ತಮ್ಮ ಟ್ರಂಕಿನ ಮೇಲೆ ಕುಳಿತೇ ಇದ್ದರಂತೆ. ಮಗ ಬಂದು ಹುಡುಕಿಯಾನೆಂದು ನೀರು ಕುಡಿಯಲೂ ಎದ್ದಿರಲಿಲ್ಲ. ಮನೆಗೆ ಬಂದು ನನಗೆ ಕೋಡುಬಳೆಯ ಡಬ್ಬಿ ತೆರೆಯಲು ಹೋದರು. ಚಳಿಗೆ ಮರಗಟ್ಟಿದ ಬೆರಳಿಗೆ ಮುಚ್ಚಳ ಬರಲಿಲ್ಲ. "ನೀನೇ ತೆಗಿ ಮಗಾ," ಎಂದರು.

ಮಧ್ಯಾಹ್ನ ಮೆಕ್ಯಾನಿಕ್ ರಶೀದ್ ಭಯ್ಯಾ ಬಂದರು. ಸೀಟಿಗೆ ತಾವೇ ಕಿವಿ ಇಟ್ಟರು. ಸದ್ದಿಲ್ಲ. ಪಂಪಿನ ರಿಲೇ ತೆಗೆದು, ಹಾರ್ನಿನ ರಿಲೇ ಕಿತ್ತು ಆ ಜಾಗದಲ್ಲಿ ಒತ್ತಿದರು. ಎರಡೂ ಒಂದೇ ಅಳತೆಯವು. ಕಾರು ತಕ್ಷಣ ಹತ್ತಿತು.

"ಬೆಳಿಗ್ಗೆ ಸದ್ದು ಬಂದಿತ್ತು, ಭಯ್ಯಾ. ನನ್ನ ಮಗಳು ಕೇಳಿದ್ದಾಳೆ," ಎಂದರು ಅಪ್ಪ ಹಿಂದಿಯಲ್ಲಿ.

ರಶೀದ್ ಭಯ್ಯಾ ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ರಿಲೇಯನ್ನು. "ಹೋತಾ ಹೈ, ಸಾಬ್, ಹೀಗಾಗುತ್ತೆ. ಹಳೇ ರಿಲೇ. ಒಮ್ಮೆ ಹಿಡಿಯುತ್ತೆ, ಒಮ್ಮೆ ಬಿಡುತ್ತೆ."

ಮರುದಿನ ಅಪ್ಪ ಎಂದಿನಂತೆ ಕೇಳಿದರು, "ಕೇಳಿಸ್ತಾ, ಪುಟ್ಟಿ?" ಕಿವಿ ನೋಯುವಷ್ಟು ಒತ್ತಿ, ನಿಜವಾಗಿ ಕೇಳಿಸಿಕೊಂಡು, ಹೂಂ ಎಂದೆ. ಅವರು ಹಿಂತಿರುಗಿಯೂ ನೋಡದೆ ಕಾರು ಹೊರಡಿಸಿದರು.

ಎಣ್ಣೆಯ ಕಲೆಯ ಸಮೇತ ಆ ಕಾರು ಗುಜರಿಗೆ ಹೋಯಿತು. ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಇಬ್ಬರಿಗೂ ನಾನು ಹೇಳಲೇ ಇಲ್ಲ. ಈಗ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ನನ್ನ ಕಾರಿನ ದೋಷವನ್ನು ಅದರ ಪರದೆಯೇ ತೋರಿಸುತ್ತದೆ. ಏನು ಕೇಳಿಸಿತೆಂದು ನನ್ನನ್ನು ಯಾರೂ ಕೇಳುವುದಿಲ್ಲ. ನಾನು 'ಹೂಂ' ಎಂದರೆ ಸಾಕು, ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ ಎಂದುಕೊಂಡಿದ್ದವರು ಒಬ್ಬರೇ ಇದ್ದರು.