ಬಳೆಯ ಮೇಲೆ ತೆಗೆದ ಅಳತೆ

ಓದುವವರಿಗೆಲ್ಲ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೋವಾದ ಕೆಪೆ ಊರಿನ ಹೂವಿನ ಅಂಗಡಿಯೊಂದರಲ್ಲಿ ಏಳು ವರ್ಷದಿಂದ ಹೂವಿನ ಪೆಟ್ಟಿಗೆ ಇಳಿಸುತ್ತೇನೆ, ಹಾರ ಕಟ್ಟುತ್ತೇನೆ. ಇಲ್ಲಿ ಕ್ರಿಶ್ಚಿಯನ್ನರ ಮದುವೆಯಲ್ಲಿ ಮದುಮಗಳ ಗೆಳತಿಯರು ಮುಂಗೈಗೆ ಒಂದು ರಿಬ್ಬನ್ ಪಟ್ಟಿ ಹಾಕಿಕೊಳ್ಳುತ್ತಾರೆ. ಅದರ ಮೇಲೆ ಸಣ್ಣ ಹೂಗೊಂಚಲು ಇರುತ್ತದೆ. ಕೊರ್ಸಾಜ್ ಅನ್ನುತ್ತಾರೆ. ಅದನ್ನು ಮಾಡಲು ಮಡಗಾಂವಿನಿಂದ ಒಬ್ಬ ಕಾರೀಗರ ಬರುತ್ತಿದ್ದ, ಅವನಿಗೆಂದೇ ಅಂಗಡಿಯಲ್ಲಿ ಒಂದು ಟೇಬಲ್ ಇತ್ತು. ಹೋದ ವರ್ಷ ಒಬ್ಬರು ಬಾಯಿ (ಇಲ್ಲಿ ಅಮ್ಮನವರಿಗೆ ಹಾಗನ್ನುತ್ತಾರೆ) ಮಗಳ ಮದುವೆಗೆ ಮಾದರಿ ಜೋಡಿಸಿ ತೋರಿಸಿ ಎಂದಾಗ ನಾನೇ ಮಾಡುತ್ತೇನೆ ಅಂದುಬಿಟ್ಟೆ. ಧಾರವಾಡದ ಕಡೆಯ ನಮ್ಮ ಸಾವುಕಾರರು ನನ್ನನ್ನು ಒಂದು ಸಲ ನೋಡಿದರು.

“ಮಾಡಪಾ. ಆ ಬಾಯಿ ಒಪ್ಪಿದ್ರ ಈ ಟೇಬಲ್ ನಿಂದು. ಒಪ್ಪಲಿಲ್ಲಂದ್ರ ಮತ್ತ ಕೇಳಾಕ ಬರಬ್ಯಾಡ.”

ರಿಬ್ಬನ್ ಮನೆಗೆ ಒಯ್ದು ಹೆಂಡತಿಯ ಕೈಗೆ ಸುತ್ತಿ ಅಳತೆ ತೆಗೆದೆ. ಹನ್ನೆರಡು ಪಟ್ಟಿ ಕತ್ತರಿಸಿ ಹುಕ್ಕು ಹೊಲಿದೆ. ಮರುದಿನ ಅಂಗಡಿಯಲ್ಲಿ, ಗಾಳಿಗೆ ಹೂ ಬಾಡುತ್ತದೆಂದು ಫ್ಯಾನ್ ಆರಿಸಿ, ಬೆವರುತ್ತ ಆರ್ಕಿಡ್, ಸಣ್ಣ ಗುಲಾಬಿ ಕೂರಿಸಿದೆ. ಥರ್ಮಾಕೋಲ್ ಹಲಗೆಗೆ ಕರಿ ಬಟ್ಟೆ ಹೊದಿಸಿ ಹನ್ನೆರಡನ್ನೂ ಸಾಲಾಗಿಟ್ಟೆ. ಸರಿಕಾಣದೆ ಕಿತ್ತು ಮತ್ತೆ ಇಟ್ಟೆ. ಸೊಂಟ ಹಿಡಿದುಕೊಂಡಿತ್ತು.

ತಾಯಿ ಮಗಳು ಬಂದರು. ಹುಡುಗಿ ಒಂದನ್ನು ಹಾಕಿಕೊಂಡು ಕೈ ಎತ್ತಿದಳು. ಅದು ಮೊಳಕೈತನಕ ಜಾರಿತು. ಕೈ ಇಳಿಸಿದಳು, ನೆಲಕ್ಕೆ ಬಿತ್ತು. ಇನ್ನೊಂದೂ ಹಾಗೆಯೇ. ಇದು ಯಾರ ಕೈಗೆ ಮಾಡಿದ್ದು ಎಂದು ತಾಯಿ ಕೊಂಕಣಿಯಲ್ಲಿ ಕೇಳಿದರು.

“ಆನಿ ಕಾಲಿನ ಅಳತಿ ತಂದೀಯೇನೋ?” ಅಂದರು ಸಾವುಕಾರರು.

ಹೂ ಚೆನ್ನಾಗಿದೆ, ಚರ್ಚಿಗೆ ಹೋಗಿ ನಾಲ್ಕಕ್ಕೆ ಬರುತ್ತೇವೆ, ಅಷ್ಟರಲ್ಲಿ ಸರಿಯಾದರೆ ನೋಡೋಣ ಎಂದು ಬಾಯಿ ಹೊರಟರು. ಆಗ ಹೊಳೆಯಿತು. ನನ್ನ ಹೆಂಡತಿಯ ಮುಂಗೈ ತುಂಬ ಹಸಿರು ಬಳೆ. ನಾನು ಅಳೆದದ್ದು ಬಳೆಯ ಮೇಲೆ. ನನ್ನ ಕಣ್ಣಿಗೆ ಬಳೆ ಬೇರೆ, ಕೈ ಬೇರೆ ಆಗಿರಲೇ ಇಲ್ಲ.

ಅವಳು ಪಕ್ಕದ ಬಿಲ್ಡಿಂಗಿನಲ್ಲಿ ಕಸ ಹೊಡೆಯುತ್ತಾಳೆ. ಹೋಗಿ ಕರೆತಂದೆ.

“ಬಳಿ ತಗೀ, ಅಳತಿ ಬೇಕಾಗೇತಿ.”

“ಏನ್ ಮಾತರಿ ಇದು! ನೀವು ಇರೂತನಕ ಕೈ ಬರಿದು ಮಾಡ್ಕೊಳ್ಳಾಕಿ ಅಲ್ಲ ನಾ.”

“ಹಂಗಾರ ಟೇಬಲ್ ಹೋತು.”

ಅವಳು ಕೂತಳು. ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದಳು.

“ಜಲ್ದಿ ತಗೊಳ್ರಿ. ಇನ್ನೂ ಎರಡು ಮಹಡಿ ಕಸ ಐತಿ.”

ಬಳೆ ಇದ್ದ ಜಾಗ ಬೆಳ್ಳಗಿತ್ತು, ಗೀರು ಗೀರಾಗಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಮಣಿಕಟ್ಟು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಅಳತೆ ಕೊಟ್ಟು, ಬಳೆ ಕೆಳಗೆ ಬಿಟ್ಟುಕೊಂಡು ಕೆಲಸಕ್ಕೆ ಓಡಿದಳು. ಹನ್ನೆರಡು ಹುಕ್ಕನ್ನೂ ಬಿಚ್ಚಿ ಮತ್ತೆ ಹೊಲಿದೆ. ಊಟ ಮಾಡಲಿಲ್ಲ.

ನಾಲ್ಕಕ್ಕೆ ಹುಡುಗಿ ಹಾಕಿಕೊಂಡು ಕೈ ಜಾಡಿಸಿದಳು. ಬೀಳಲಿಲ್ಲ. ತಾಯಿ ಆರ್ಡರ್ ಕೊಟ್ಟರು. “ಮಡಗಾಂವ್ ಕಾರೀಗರಗ ಬರಬ್ಯಾಡ ಅಂತೇನಿ,” ಅಂದರು ಸಾವುಕಾರರು. ಟೇಬಲ್ ನನ್ನದಾಯಿತು. ಹಿಗ್ಗಬೇಕಿತ್ತು, ಕೂರಲು ಒಂದು ಸ್ಟೂಲ್ ಸಿಕ್ಕರೆ ಸಾಕು ಅನ್ನಿಸಿತು. ಸಂಜೆ ಹೆಂಡತಿಗೆ ಹೇಳಿದೆ. “ಚಲೋ ಆತು,” ಅಂದು ಕಾಲು ಚಾಚಿ ಗೋಡೆಗೆ ಒರಗಿದಳು. ನಾನೂ ಪಕ್ಕದಲ್ಲಿ ಒರಗಿದೆ.

ಮನೆಯ ಅಳತೆ ಹಿಡಿದು ಹೊರಗೆ ಹೋಗಿ ನೀವೂ ಹೀಗೆ ಪೇಚಿಗೆ ಬಿದ್ದಿದ್ದೀರಾ? ಎರಡು ಸಾಲಾದರೂ ಬರೆಯಿರಿ. ನಿಧಾನಕ್ಕಾದರೂ ಓದುತ್ತೇನೆ.