ಒಂದು ಪಕ್ಕ ಕೆಂಪಾಗುವ ಹೆಂಚು

ನಾನು ಮಾಲೂರಿಗೆ ಸೊಸೆಯಾಗಿ ಬಂದಾಗ ಯುದ್ಧ ನಡೀತಿತ್ತು. ಅಂಗಡಿಯಲ್ಲಿ ಕಬ್ಬಿಣ ಕಣ್ಣಿಗೆ ಬೀಳ್ತಿರಲಿಲ್ಲ. ಹಳೇ ಕಬ್ಬಿಣದವನು ಮಾತ್ರ ಕತ್ತೆ ಹೊಡಕೊಂಡು ಬೀದಿಬೀದಿ ಬರೋನು. ಎರಕದ ಹಳೇ ಸಾಮಾನು ತಗೊಂಡು, ತಗಡು ತಟ್ಟಿ ಮಾಡಿದ ಹೊಸ ದೋಸೆ ಹೆಂಚು ಕೊಟ್ಟು ಹೋಗೋನು. ಬುದ್ಧಿ ಇಲ್ಲದವರು ಕೊಡೋರು.

ನಮ್ಮತ್ತೆ ಹತ್ತಿರ ಒಂದು ಎರಕದ ದೋಸೆ ಹೆಂಚಿತ್ತು. ಅವಳ ಅತ್ತೆ ಕಾಲದ್ದು. ಮೇಲೆ ಎಮ್ಮೆ ಮೈ ಥರ ಮಿರಮಿರ ಅನ್ನೋದು, ಕೆಳಗಡೆ ಬೆರಳು ದಪ್ಪ ಮಸಿ. ನನ್ನ ತವರು ತೆಲುಗು ಗಡಿ, ರಾಯಲ್ಪಾಡು ಕಡೆ. ನಮ್ಮಲ್ಲಿ ರೊಟ್ಟಿ ಸುಡಕ್ಕೆ ಪೆನಂ ಅನ್ನೋ ಮಣ್ಣಿನ ಹೆಂಚು ಒಂದೇ. ಕಬ್ಬಿಣದ ಹೆಂಚಿನ ಸಂಗತಿ ನನಗೇನು ಗೊತ್ತು?

ಯುಗಾದಿಗೆ ಎರಡು ದಿನ ಇತ್ತು. ಅತ್ತೆ ಅವಳಣ್ಣನ ಮನೆಗೆ ಕ್ಯಾಲನೂರಿಗೆ ಹೋಗಿದ್ದಳು. ಹಬ್ಬಕ್ಕೆ ಪಾತ್ರೆ ಎಲ್ಲ ಬೆಳಗಬೇಕಲ್ಲ, ಹಿತ್ತಾಳೆದೆಲ್ಲ ಹುಣಿಸೆಹಣ್ಣಲ್ಲಿ ಬೆಳಗಿದೆ. ಈ ಕರೀ ಹೆಂಚು ನೋಡಿ ಅಸಹ್ಯ ಆಯಿತು. ಬೆರಣಿ ಬೆಂಕಿಯೊಳಗೆ ಕವುಚಿ ಹಾಕಿದೆ. ಮಸಿಯೆಲ್ಲ ಮರದ ತೊಗಟೆ ಥರ ಎದ್ದು ಬಂತು. ಆರಿದ ಮೇಲೆ ಇಟ್ಟಿಗೆ ಚೂರು ತಗೊಂಡು ಸಂಜೆ ತನಕ ಉಜ್ಜಿದೆ. ಮಾಲೂರಲ್ಲಿ ಇಟ್ಟಿಗೆ ಚೂರಿಗೇನು ಬರ. ಹೆಂಚು ಬೆಳ್ಳಗಾಯಿತು. ಬಾಗಿಲಲ್ಲಿ ಕಾಣೋ ಹಂಗೆ ಒರಗಿಸಿಟ್ಟೆ.

ಮಾರನೇ ದಿನ ಅತ್ತೆ ಬಂದಳು. ಹೆಂಚು ನೋಡಿದಳು, ಎತ್ತಿದಳು, ಕೆಳಗಿಟ್ಟಳು.

"ನಮ್ಮ ಹೆಂಚೆಲ್ಲೇ?"

"ಅದೇ ಅತ್ತೆ. ಬೆಳಗಿದೀನಿ."

"ಇದು ನಮ್ಮದಲ್ಲ. ಅದರ ಅರ್ಧ ಭಾರ ಇಲ್ಲ. ಹಳೇ ಕಬ್ಬಿಣದವನು ನಿನ್ನೆ ಬಂದಿದ್ನಂತಲ್ಲ, ಅವನಿಗೆ ಕೊಟ್ಟು ಇದನ್ನ ತಗೊಂಡಿದೀಯ. ತೆಲುಗು ಸೀಮೆ ಕಳ್ಳಿ!"

ಮಾವ ಬಂದು ಹೆಂಚನ್ನ ಒಂದು ಕೈಲಿ ತೂಗು ಹಾಕಿ ಗೆಣ್ಣಲ್ಲಿ ಬಡಿದರು. ಗಂಟೆ ಥರ ಅಂತು. ತಿರುಗಿಸಿ ನೋಡಿದರು. ಬೆನ್ನೆಲ್ಲ ಮರಳು ಮರಳು, ನಡುವೆ ಕಬ್ಬಿಣ ಹೊಯ್ದ ಕಡೆ ಗಂಟಿನ ಥರ ಒಂದು ಗುಬುಟು.

"ತಗಡಲ್ಲ ಕಣೇ, ಎರಕದ್ದೇ."

"ನಮ್ಮದಕ್ಕೆ ಗುಬುಟು ಎಲ್ಲಿತ್ತು? ನೀವು ಸುಮ್ನಿರಿ."

ಇತ್ತು. ಮಸಿಯ ಕೆಳಗೆ ಇತ್ತು. ಆ ಮನೆಯಲ್ಲಿ ಯಾರೂ ಅದರ ಬೆನ್ನು ಕಂಡೇ ಇರಲಿಲ್ಲ, ಏನಂತ ಸಾಕ್ಷಿ ಹೇಳಲಿ? ನನ್ನ ಗಂಡ ಅಮ್ಮನ ಮುಂದೆ ಬಾಯಿ ಬಿಡೋ ಪೈಕಿ ಅಲ್ಲ.

"ಹಬ್ಬ ಕಳೆದು ಎಂಟು ದಿನಕ್ಕೆ ನಿಮ್ಮಣ್ಣ ನೋಡಕ್ಕೆ ಬರ್ತಾನಲ್ಲ, ಅವನ ಜತೆ ನಡಿ. ಮತ್ತೆ ಬರಬೇಡ" ಅಂದಳು ಅತ್ತೆ. ಆ ಸಲ ಹೋಳಿಗೆ ಇಲ್ಲ, ಬರೀ ಪಾಯಸ. ನನ್ನ ಸೀರೆ ಎರಡನ್ನೂ ಅವಳೇ ಗಂಟು ಕಟ್ಟಿ ಬಾಗಿಲಲ್ಲಿಟ್ಟಳು.

ನನ್ನ ಜತೆ ಮಾತು ಬಿಟ್ಟಳು. ಏನು ಹೇಳೋದಿದ್ದರೂ ಕೊಟ್ಟಿಗೆ ಹಸು ಜತೆ. ತೊಳೆದಿಟ್ಟ ಹೆಂಚು ಬೆಳಗ್ಗೆ ಕೆಂಪಗೆ ತುಕ್ಕು ಹಿಡಿದು ಕೂತಿತ್ತು. ಅವಳು ಹಸು ಬೆನ್ನು ತಟ್ಟುತ್ತಾ, "ನೋಡೇ ತಾಯಿ, ಕಬ್ಬಿಣಕ್ಕೆ ನೀರು ತೋರಿಸಿ ಮಲಗೋರೂ ಇದಾರೆ. ಹುಳಿ ಮಜ್ಜಿಗೇಲಿ ತಿಕ್ಕಿ, ಒಲೆ ಮೇಲೆ ಒಣಗಿಸಿ, ಬಿಸೀಲೇ ಹರಳೆಣ್ಣೆ ಸವರಬೇಕು ಅನ್ನೋದು ನಿನಗಾದ್ರೂ ಗೊತ್ತು" ಅಂದಳು. ಹಸುಗೆ ಏನು ಗೊತ್ತಿತ್ತೋ, ನಾನಂತೂ ಹಂಗೇ ಮಾಡಿದೆ. ಇನ್ನೊಂದು ದಿನ, "ಎಣ್ಣೆ ಅಂದ್ರೆ ಕೆರೆ ಕಟ್ಟೋದಲ್ಲ, ಬಟ್ಟೇಲಿ ಒರೆಸಿದ ಮೇಲೂ ಒರೆಸಬೇಕು" ಅಂತ ಹೇಳಿದ್ದೂ ಹಸುಗೇ.

ದಿನಾ ಎಣ್ಣೆ ಸವರೋದು, ಹೊಗೆ ಏಳೋ ತನಕ ಕಾಯಿಸೋದು, ಆರಿಸೋದು. ಅಂಗೈ ಎರಡು ಕಡೆ ಬೊಬ್ಬೆ. ಹೆಂಚು ಮೊದಲು ಬೆಲ್ಲದ ಬಣ್ಣ ಆಯಿತು, ಆಮೇಲೆ ಕಂದು, ಆಮೇಲೆ ಕಪ್ಪು. ಮೊದಲ ದೋಸೆಗಳು ಏಳಲೇ ಇಲ್ಲ. ಕೆರೆದು ಹಸುಗೆ ಹಾಕಿದೆ. ನನ್ನ ದೆಸೆಯಿಂದ ಆ ಹಸು ಚೆನ್ನಾಗಿ ಉಂಡಿತು.

ಎಂಟನೇ ದಿನ ಅಣ್ಣ ಬಂದು ಜಗುಲಿ ಮೇಲೆ ಕೂತ. ಬಂದವನಿಗೆ ಏನಾದರೂ ಕೊಡಬೇಕಲ್ಲ. ಈರುಳ್ಳಿ ಅರ್ಧ ಕುಯ್ದು ಎಣ್ಣೆಯಲ್ಲದ್ದಿ ಹೆಂಚಿಗೆ ತಿಕ್ಕಿ ಹಿಟ್ಟು ಹುಯ್ದೆ. ಅಂಚು ತಾನೇ ಬಿಟ್ಟಿತು. ಮಗುಚಿದೆ. ಒಂದು ಪಕ್ಕಕ್ಕೆ ಮಾತ್ರ ಎಳೇ ಚಂದ್ರನಷ್ಟು ಜಾಗ ಕೆಂಪಾಗಿತ್ತು, ಮಿಕ್ಕಿದ್ದು ಬೆಳ್ಳಗೆ. ಕೆಡಿಸಿದೆ ಅಂತ ಮಡಚಕ್ಕೆ ಹೋದೆ.

"ಮುಟ್ಟಬೇಡ" ಅಂದಳು ಅತ್ತೆ. ಹಿಂದೆ ನಿಂತಿದ್ದಾಳೆ ಅಂತ ಗೊತ್ತಿರಲಿಲ್ಲ.

ಬಗ್ಗಿ ನೋಡಿದಳು. ಹೆಂಚನ್ನ ಇಕ್ಕಳದಲ್ಲಿ ಕಾಲು ಸುತ್ತು ತಿರುಗಿಸಿ ಇನ್ನೊಂದು ದೋಸೆ ಅವಳೇ ಹುಯ್ದಳು. ಕೆಂಪೂ ಹೆಂಚಿನ ಜತೆ ಕಾಲು ಸುತ್ತು ತಿರುಗಿತು. ಎರಕ ಹೊಯ್ದಾಗಲೇ ಆ ಪಕ್ಕ ತೆಳ್ಳಗೆ ಬಿದ್ದಿತ್ತು. ಬೆಂಕಿ ದೋಷ ಅಲ್ಲ.

"ಈ ಹೆಂಚಲ್ಲಿ ಹುಯ್ದಾಗೆಲ್ಲ ನಮ್ಮತ್ತೆ ಇದಕ್ಕೇ ನನ್ನ ತಲೆ ಮೇಲೆ ಮೊಟಕೋಳು. ಒಂದು ಕಡೆ ಸೀಸ್ತೀಯ ಅಂತ."

ಅಷ್ಟೇ. ತಪ್ಪಾಯ್ತು ಅನ್ನಲಿಲ್ಲ, ಅನ್ನೋ ಜಾತಿ ಹೆಂಗಸೂ ಅಲ್ಲ. ಒಲೆ ಮುಂದೆ ಕೂತು ಆ ದೋಸೆನ ಕೆಂಪಾದ ಕಡೆಯಿಂದ ಮುರಕೊಂಡು ತಿಂದಳು.

"ಏನ್ ನೋಡ್ತೀಯೇ? ನಿಮ್ಮಣ್ಣನಿಗೆ ಹುಯ್ಯಿ."

ಅಣ್ಣನಿಗೆ ನಾಲ್ಕು ಹುಯ್ದೆ. ಅವನು ಒಬ್ಬನೇ ಊರಿಗೆ ಹೋದ. ನಾನು ಗಂಟು ಬಿಚ್ಚಿ ಸೀರೆಗಳನ್ನ ಬಟ್ಟೆ ಗಳುವಿನ ಮೇಲೆ ಹಾಕಿದೆ.